ಎಲ್‌ಕೆಜಿಯ ‘ಕೆಜಿ’ ಹುಟ್ಟಿದ ಊರಿಗೆ

ಕಳೆದ ಮೇ ತಿಂಗಳ ಒಂದು ಶನಿವಾರ, ಬೆಳಿಗ್ಗೆ ಏಳೂವರೆಗೆ ನಾವು ನಾಲ್ಕು ಜನ ಲೈಪ್‌ಜಿಗ್ ರೈಲ್ವೆ ಸ್ಟೇಷನ್ನಿನಲ್ಲಿ ನಿಂತಿದ್ದೆವು. ನಾನು, ನನ್ನ ಹೆಂಡತಿ, ಮೂರೂವರೆ ವರ್ಷದ ಮಗಳು, ಮತ್ತು ಎರಡು ದಿನದಿಂದ ನಮ್ಮಿಬ್ಬರ ಜೊತೆ ಸರಿಯಾಗಿ ಮಾತಾಡದ ನನ್ನ ಅಮ್ಮ. ಅಮ್ಮನ ಬ್ಯಾಗಿನಲ್ಲಿ ಚಿತ್ರಾನ್ನದ ಡಬ್ಬಿ ಇತ್ತು. ಕೋಪ ಬಂದರೂ ಡಬ್ಬಿ ಕಟ್ಟುವುದನ್ನು ಮಾತ್ರ ಬಿಡುವವಳಲ್ಲ ಆಕೆ.

ಹೊರಟಿದ್ದು ಬಾಡ್ ಬ್ಲಾಂಕೆನ್‌ಬುರ್ಗ್ ಎಂಬ ಊರಿಗೆ. ಜರ್ಮನಿಯಲ್ಲೇ ಎಷ್ಟೋ ಜನಕ್ಕೆ ಇದು ಗೊತ್ತಿರಲ್ಲ. ಆದರೆ ನಮ್ಮಲ್ಲಿ ಎಲ್‌ಕೆಜಿ, ಯುಕೆಜಿ ಅಂತೀವಲ್ಲ, ಅದರ ‘ಕೆಜಿ’, ಅಂದರೆ ಕಿಂಡರ್‌ಗಾರ್ಟನ್ ಅನ್ನೋ ಪದ ಹುಟ್ಟಿದ್ದು ಅಲ್ಲಿ. ಮನೆಯಲ್ಲಿ ಜಗಳ ಶುರುವಾಗಿದ್ದೂ ಕಿಂಡರ್‌ಗಾರ್ಟನ್ನಿನ ವಿಷಯಕ್ಕೇ. ಹಾಗಾಗಿ ಟಿಕೆಟ್ ಬುಕ್ ಮಾಡುವಾಗ ‘ಒಂದು ಬದಲಾವಣೆ ಆಗ್ಲಿ’ ಅಂದಿದ್ದೆನೇ ಹೊರತು, ಊರಿನ ವಿಶೇಷ ಏನು ಅಂತ ಅಮ್ಮನಿಗೆ ಹೇಳಿರಲಿಲ್ಲ.

ಜಗಳದ ಕಥೆಗೆ ಬರುವ ಮೊದಲು ಸ್ವಲ್ಪ ಹಿಂದಿನದು ಹೇಳಬೇಕು.

ನಾವು ಲೈಪ್‌ಜಿಗ್‌ಗೆ ಬಂದು ನಾಲ್ಕು ವರ್ಷ ದಾಟಿತು. ಮಗಳು ಹುಟ್ಟಿದ್ದು ಇಲ್ಲೇ. ಹುಟ್ಟಿದ ಮೊದಲ ವಾರದಲ್ಲೇ ‘ನಾವು ಬೇರೆ, ಇವರು ಬೇರೆ’ ಅಂತ ಗೊತ್ತಾಯಿತು. ಇಲ್ಲಿ ಹೆರಿಗೆ ಆದ ಮೇಲೆ ಸೂಲಗಿತ್ತಿ ಮನೆಗೇ ಬಂದು ತಾಯಿ ಮಗು ಇಬ್ಬರನ್ನೂ ನೋಡಿಕೊಂಡು ಹೋಗುತ್ತಾರೆ. ಮೊದಮೊದಲು ದಿನಾ, ಆಮೇಲೆ ಆಗಾಗ, ಹನ್ನೆರಡು ವಾರದವರೆಗೆ. ದುಡ್ಡು ಆರೋಗ್ಯ ವಿಮೆಯದ್ದು. ಆಕೆ ಬಂದ ಮೊದಲ ದಿನವೇ, ಮಗುವಿಗೆ ವಾರಕ್ಕೊಂದು ಸ್ನಾನ ಸಾಕು ಅಂದರು. ಆ ಕಡೆ ವಿಡಿಯೋ ಕಾಲ್‌ನಲ್ಲಿ ಅಮ್ಮ, ಕಾಲು ಚಾಚಿ ಕೂತು ಮಗೂನ ಕಾಲ ಮೇಲೆ ಹಾಕಿಕೊಂಡು ಎಣ್ಣೆ ಹಚ್ಚಿ ದಿನಾ ಬಿಸಿನೀರು ಹಾಕೋದು ಹೇಗೆ ಅಂತ ದಿಂಬು ಇಟ್ಟುಕೊಂಡು ಡೆಮೊ ಕೊಡುತ್ತಿದ್ದಳು. ನಾವು ಎರಡು ದಿನಕ್ಕೊಮ್ಮೆ ಸ್ನಾನ ಮಾಡಿಸಿದೆವು. ಇಬ್ಬರಿಗೂ ಸಮಾಧಾನವಾಗಲಿಲ್ಲ.

ಆಮೇಲೆ ಕಿಟಾ. ಮಕ್ಕಳನ್ನು ಹಗಲು ಹೊತ್ತು ನೋಡಿಕೊಳ್ಳುವ ಕೇಂದ್ರಕ್ಕೆ ಇಲ್ಲಿ ಹಾಗನ್ನುತ್ತಾರೆ, ಕಿಂಡರ್‌ಗಾರ್ಟನ್ ಅದರದೇ ಒಂದು ಭಾಗ. 2013ರ ಆಗಸ್ಟ್‌ನಿಂದ ಒಂದು ವರ್ಷ ತುಂಬಿದ ಪ್ರತಿ ಮಗುವಿಗೂ ಇಂಥ ಕಡೆ ಒಂದು ಜಾಗ ಕೇಳುವ ಕಾನೂನುಬದ್ಧ ಹಕ್ಕಿದೆ. ಹಕ್ಕಿದ್ದರೂ ಜಾಗ ಸಿಗೋಕೆ ನಾವು ಏಳು ತಿಂಗಳು ಕಾದೆವು, ಅದು ಬೇರೆ ಮಾತು.

ಸೇರಿಸಿದ ಮೇಲೆ ನನಗೆ ಕಾದಿದ್ದ ಆಶ್ಚರ್ಯದ ಹೆಸರು ಐನ್‌ಗೆವ್ಯೋನುಂಗ್. ಒಗ್ಗಿಸಿಕೊಳ್ಳುವುದು ಅಂತ ಅರ್ಥ. ಮೊದಲ ಮೂರು ದಿನ ಅಪ್ಪ ಅಥವಾ ಅಮ್ಮ ಮಗುವಿನ ಜೊತೆ ಒಂದೊಂದು ಗಂಟೆ ಕ್ಲಾಸಿನ ಮೂಲೆಯಲ್ಲಿ ಕೂರಬೇಕು. ಮೊಬೈಲ್ ನೋಡುವ ಹಾಗಿಲ್ಲ, ಮಗುವನ್ನು ‘ಹೋಗು ಆಟ ಆಡು’ ಅಂತ ತಳ್ಳುವ ಹಾಗೂ ಇಲ್ಲ. ಸುಮ್ಮನೆ ಇರಬೇಕು. ನಾಲ್ಕನೇ ದಿನ ಮೊದಲ ಸಲ ಕೆಲವು ನಿಮಿಷ ಹೊರಗೆ ಹೋಗಬೇಕು, ಹೆಚ್ಚೆಂದರೆ ಅರ್ಧ ಗಂಟೆ. ಮಗು ಅತ್ತು ಟೀಚರಿಂದ ಸಮಾಧಾನ ಆಗುತ್ತಾ ಇಲ್ಲವಾ ನೋಡಿ ಮುಂದಿನ ಲೆಕ್ಕ. 1980ರ ದಶಕದಲ್ಲಿ ಬರ್ಲಿನ್‌ನಲ್ಲಿ ರೂಪಿಸಿದ ಪದ್ಧತಿ ಇದು. ನನ್ನ ಆಫೀಸಿನಲ್ಲಿ ನನಗೆ ಸಿಕ್ಕಿದ್ದು ಒಂದು ವಾರದ ಆನ್‌ಬೋರ್ಡಿಂಗ್. ಮಗಳಿಗೆ ಐದು ವಾರ ಹಿಡಿಯಿತು.

ಅದರಲ್ಲಿ ಒಂದು ನಿಯಮ ಮಾತ್ರ ನನ್ನ ತಲೆಯಲ್ಲಿ ಇವತ್ತಿಗೂ ಕೂತಿದೆ. ಹೇಳದೇ ಹೋಗಬಾರದು. ನಮ್ಮಲ್ಲಿ ಏನು ಮಾಡ್ತೀವಿ? ‘ಅಗೋ ಕಾಗೆ ನೋಡು’ ಅಂತ ಮಗೂನ ಆ ಕಡೆ ತಿರುಗಿಸಿ ಈ ಕಡೆಯಿಂದ ಜಾರಿಕೊಳ್ತೀವಿ. ನಾನೂ ಎರಡನೇ ವಾರ ಅದನ್ನೇ ಮಾಡಿದೆ. ಟೀಚರ್ ಕಾರಿಡಾರಿನಲ್ಲಿ ಹಿಡಿದುಕೊಂಡು, ವಾಪಸ್ ಹೋಗಿ ‘ಹೋಗ್ತೀನಿ, ಊಟ ಆದ ಮೇಲೆ ಬರ್ತೀನಿ’ ಅಂತ ಹೇಳಿ ಬನ್ನಿ ಅಂದರು. ‘ಅಳ್ತಾಳಲ್ಲ’ ಅಂದೆ. ಅಳಲಿ, ಆದರೆ ಯಾವಾಗ ಮಾಯ ಆಗಿಬಿಡ್ತಾರೋ ಅಂತ ದಿನವಿಡೀ ಬಾಗಿಲು ನೋಡುತ್ತಾ ಕೂರಬಾರದು ಅಂದರು. ನಾಚಿಕೆಯಾಯಿತು. ನನ್ನ ಅಪ್ಪ ಮೈಸೂರಿಗೆ ಹೊರಟಾಗಲೆಲ್ಲ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಕರು ತೋರಿಸುತ್ತಿದ್ದರು. ನನಗೆ ಆ ಕರುವಿನ ಮೇಲೆ ಎಷ್ಟು ಸಿಟ್ಟಿತ್ತು ಅಂತ ಆಗ ನೆನಪಾಯಿತು.

ಉಳಿದದ್ದಕ್ಕೆಲ್ಲ ಬೇಗ ಒಗ್ಗಿಕೊಂಡೆವು. ಮಳೆ ಬಂದರೂ ಮಕ್ಕಳು ಹೊರಗೇ. ಅದಕ್ಕೆಂದೇ ಒಂದು ರಬ್ಬರಿನಂಥ ಕೆಸರು ಪ್ಯಾಂಟು ಇದೆ, ಅಂಗಡಿಯಲ್ಲಿ ಅದಕ್ಕೇ ಬೇರೆ ಸಾಲು. ಸಂಜೆ ಮಗಳನ್ನು ಕರೆದುಕೊಂಡು ಬರುವಾಗ ಬೂಟಿನಿಂದ ಒಂದು ಹಿಡಿ ಮರಳು ಸುರಿಯುತ್ತಿತ್ತು. ಮೊಣಕಾಲು ತರಚಿದ್ದರೆ ‘ಇವತ್ತು ಮರ ಹತ್ತಿದಳು’ ಅಂತ ಖುಷಿಯಿಂದ ಹೇಳುತ್ತಿದ್ದರು, ಕ್ಷಮೆ ಕೇಳುತ್ತಿರಲಿಲ್ಲ. ಇನ್ನು ಅಕ್ಷರ? ಕಲಿಸುವುದೇ ಇಲ್ಲ. ಸಾಮಾನ್ಯವಾಗಿ ಆರು ವರ್ಷಕ್ಕೆ ಶಾಲೆ. ಶಾಲೆಯ ಮೊದಲ ದಿನ ಮಗುವಿನಷ್ಟೇ ಎತ್ತರದ ಬಣ್ಣದ ಕಾಗದದ ಶಂಕುವಿನಲ್ಲಿ ಚಾಕೊಲೇಟು, ಪೆನ್ಸಿಲ್ಲು ತುಂಬಿ ಕೊಟ್ಟು ದೊಡ್ಡ ಹಬ್ಬ ಮಾಡುತ್ತಾರೆ. ನಮ್ಮ ಅಕ್ಕಿತಟ್ಟೆಯ ಅಕ್ಷರಾಭ್ಯಾಸದ ಹಾಗೆ, ಆದರೆ ನಿಧಾನವಾಗಿ.

ಬೆಂಗಳೂರಿನಲ್ಲಿರುವ ನನ್ನ ಚಿಕ್ಕಪ್ಪನ ಮಗನ ಮಗಳು ನಮ್ಮವಳಿಗಿಂತ ನಾಲ್ಕು ತಿಂಗಳು ದೊಡ್ಡವಳು. ಎ ಯಿಂದ ಝಡ್‌ವರೆಗೆ ಬರೆಯುತ್ತಾಳೆ, ಐವತ್ತರವರೆಗೆ ಎಣಿಸುತ್ತಾಳೆ. ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಿ ಅವಳ ವರ್ಕ್‌ಶೀಟಿನ ಫೋಟೋ ಬಂದಾಗ ನಾವು ನಮ್ಮವಳು ಕೆಸರಿನಲ್ಲಿ ಕೂತ ಫೋಟೋ ಹಾಕುತ್ತಿದ್ದೆವು. ಎಲ್ಲರೂ ಹಾರ್ಟ್ ಒತ್ತುತ್ತಿದ್ದರು. ಹೆಂಡತಿ ಮಾತ್ರ ರಾತ್ರಿ ‘ನಾವೇನಾದ್ರೂ ತಪ್ಪು ಮಾಡ್ತಿದ್ದೀವಾ?’ ಅಂತ ಕೇಳುತ್ತಿದ್ದಳು. ಯಾಕೆಂದರೆ ಇನ್ನೆರಡು ವರ್ಷದಲ್ಲಿ ವಾಪಸ್ ಹೋಗುವ ಯೋಚನೆ ನಮ್ಮದು.

ಮಾರ್ಚ್ ಕೊನೆಗೆ ಅಮ್ಮ ಮೂರು ತಿಂಗಳ ವೀಸಾದಲ್ಲಿ ಬಂದಳು. ಮೊದಲ ತಿಂಗಳು ಮನೆ ಮನೆಯಾಗಿತ್ತು. ಮಗಳು ಅಜ್ಜಿಯ ಮಗ್ಗುಲಲ್ಲೇ ಮಲಗುತ್ತಿದ್ದಳು, ಕನ್ನಡ ಹರಿಯುತ್ತಿತ್ತು. ಸಂಜೆ ನಾಲ್ಕಕ್ಕೆ ಕಿಟಾದಿಂದ ಬಂದ ಕೂಡಲೇ ಅಮ್ಮ ಅನ್ನ ಕಲಸಿ, ಬಾಲ್ಕನಿಯಲ್ಲಿ ಕೂರಿಸಿಕೊಂಡು, ಇದು ಹಕ್ಕಿ ತುತ್ತು, ಇದು ಟ್ರಾಮ್ ತುತ್ತು ಅಂತ ತಟ್ಟೆ ಖಾಲಿ ಮಾಡಿಸುತ್ತಿದ್ದಳು. ನಮಗೂ ಆರಾಮ. ಆ ಹೊತ್ತಿಗೆ ನಾನು ಇನ್ನೊಂದು ಮೀಟಿಂಗ್ ಮುಗಿಸುತ್ತಿದ್ದೆ.

ಮೇ ತಿಂಗಳಲ್ಲಿ ಕಿಟಾದಿಂದ ಕರೆ ಬಂತು. ವರ್ಷಕ್ಕೊಮ್ಮೆ ಮಗುವಿನ ಬೆಳವಣಿಗೆ ಬಗ್ಗೆ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಮಾತಾಡುವ ಪದ್ಧತಿ ಇದೆ, ಅದಕ್ಕೆ. ಮಕ್ಕಳ ಪುಟ್ಟ ಕುರ್ಚಿಗಳಲ್ಲಿ ಮೊಣಕಾಲು ಗಲ್ಲಕ್ಕೆ ತಾಗುವ ಹಾಗೆ ಕೂತೆವು. ಮಗಳು ಹಾಡುತ್ತಾಳೆ, ಇನ್ನೊಂದು ಮಗು ಅತ್ತರೆ ಹೋಗಿ ಸವರುತ್ತಾಳೆ, ಎಲ್ಲ ಹೇಳಿದರು. ಆಮೇಲೆ ಟೀಚರ್ ಸ್ವಲ್ಪ ತಡೆದು, ಊಟದ ವಿಷಯ ಎತ್ತಿದರು. ಇಲ್ಲಿ ಮಧ್ಯಾಹ್ನ ಬಟ್ಟಲುಗಳನ್ನು ಮೇಜಿನ ಮಧ್ಯೆ ಇಡುತ್ತಾರೆ. ಎರಡು ವರ್ಷದ ಮಗುವೂ ಸೌಟು ಹಿಡಿದು ತನಗೆ ಬೇಕಾದಷ್ಟು ತಾನೇ ಬಡಿಸಿಕೊಳ್ಳುತ್ತೆ. ನಮ್ಮವಳೂ ಮೊದಲು ಹಾಗೇ ಮಾಡುತ್ತಿದ್ದಳು. ಈಚೆಗೆ ಮೂರು ವಾರದಿಂದ ಕೈ ಮಡಿಲಲ್ಲಿಟ್ಟುಕೊಂಡು, ಬಾಯಿ ತೆರೆದು, ಕಾಯುತ್ತಾಳೆ. ಯಾರೂ ತಿನ್ನಿಸದಿದ್ದಾಗ ತಿನ್ನದೇ ಏಳುತ್ತಾಳೆ.

‘ನೀವು ತಿನ್ನಿಸಲ್ವಾ?’ ಅಂತ ಕೇಳಿದಳು ನನ್ನ ಹೆಂಡತಿ.

ಟೀಚರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅವಳಿಗೆ ಬರುತ್ತಲ್ಲ, ಹಸಿವಾದಾಗ ತಿಂತಾಳೆ, ನಾವು ಬಲವಂತ ಮಾಡಲ್ಲ ಅಂದರು. ಒರಟಾಗಿ ಹೇಳಲಿಲ್ಲ, ಪ್ರೀತಿಯಿಂದಲೇ ಹೇಳಿದರು. ಆದರೆ ನನ್ನ ಕಣ್ಣಿಗೆ ಕಂಡಿದ್ದು ಹದಿನೈದು ಮಕ್ಕಳ ಮಧ್ಯೆ ಬಾಯಿ ತೆರೆದು ಕೂತ ಒಂದು ಮಗು.

ಮನೆಗೆ ಬಂದು ಹೇಳಿದ್ದು ತಪ್ಪಾಯಿತೋ, ಹೇಳಿದ ರೀತಿ ತಪ್ಪಾಯಿತೋ. ‘ಅಮ್ಮ, ಇನ್ಮೇಲೆ ಅವಳೇ ತಿನ್ಲಿ, ನೀನು ತಿನ್ನಿಸಬೇಡ’ ಅಂದೆ.

‘ಹಂಗಂದ್ರೆ ನಾನು ಬಂದು ಮಗು ಕೆಟ್ಟೋಯ್ತು ಅಂತಾನಾ?’

‘ಹಂಗಲ್ಲಮ್ಮ, ಅವಳಿಗೆ ಅಲ್ಲಿ ಕಷ್ಟ ಆಗ್ತಿದೆ.’

‘ನಿಂಗೆ ಆರನೇ ಕ್ಲಾಸಲ್ಲೂ ತಿನ್ನಿಸಿದೀನಿ ಕಣೋ. ನೀನೇನು ಕೈ ಇಲ್ಲದೋನು ಅಂತ ತಿನ್ನಿಸಿದ್ನಾ? ಮೂರು ವಾರದಿಂದ ಮಗು ಹಸ್ಕೊಂಡು ಕೂತಿದೆ, ನೋಡ್ತಾ ಇದ್ದಾರಂತೆ. ಒಂದು ತುತ್ತು ಕೊಟ್ಟಿದ್ರೆ ಅವರ ಗಂಟೇನು ಹೋಗ್ತಿತ್ತು?’

ನನ್ನ ಹೆಂಡತಿ ಮಧ್ಯೆ ಬಂದು ‘ಅತ್ತೆ, ನೀವು ಹೋದ್ಮೇಲೆ ಅವಳು ಅಲ್ಲೇ ತಾನೇ ಇರಬೇಕು’ ಅಂದಳು. ಸತ್ಯವೇ. ಆದರೆ ‘ನೀವು ಹೋದ್ಮೇಲೆ’ ಅನ್ನೋ ಮಾತು ಅಮ್ಮನಿಗೆ ಎಲ್ಲಿ ನಾಟಬೇಕೋ ಅಲ್ಲಿ ನಾಟಿತು. ಅಮ್ಮ ಎದ್ದು ಒಳಗೆ ಹೋದಳು. ಮರುದಿನ ಸಂಜೆ ತಟ್ಟೆ, ಚಮಚ ಮಗುವಿನ ಮುಂದೆ ಇಟ್ಟು ತಾನು ಬಾಲ್ಕನಿಯಲ್ಲಿ ಬೆನ್ನು ತಿರುಗಿಸಿ ಕೂತಳು. ಮಗಳು ತಿನ್ನಲಿಲ್ಲ. ನಾನೂ ತಿನ್ನಿಸಲಿಲ್ಲ. ಅವತ್ತು ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ.

ಅಮ್ಮನ ಕಡೆ ಮಾತಾಡಿದ್ದು ನಾವು ನಿರೀಕ್ಷಿಸದ ಒಬ್ಬರು. ನಮ್ಮ ಕೆಳಗಿನ ಮನೆಯಲ್ಲಿ ಎಂಬತ್ತು ದಾಟಿದ ಒಬ್ಬ ಅಜ್ಜಿ ಇದ್ದಾರೆ, ಯುದ್ಧದ ಕಾಲದಲ್ಲಿ ಹುಟ್ಟಿದವರು. ಅಮ್ಮನ ಹೆಗಲ ಮೇಲೆ ಮಗಳು ನಿದ್ದೆ ಹೋಗಿದ್ದನ್ನು ಮೆಟ್ಟಿಲ ಬಳಿ ನೋಡಿ, ನಿಮ್ಮ ತಾಯಿಗೆ ಇದನ್ನು ಹೇಳಿ ಅಂತ ನನಗೆ ಹೇಳಿದರು: ತಮ್ಮ ತಾಯಿ ತಮ್ಮನ್ನು ಹೀಗೆ ಎತ್ತಿಕೊಂಡ ನೆನಪೇ ಇಲ್ಲವಂತೆ. ಪುಸ್ತಕದಲ್ಲಿ ಎತ್ತಿಕೊಳ್ಳಬಾರದು ಅಂತ ಇತ್ತಂತೆ.

ಯಾವ ಪುಸ್ತಕ ಅಂತ ಆಮೇಲೆ ಹುಡುಕಿದೆ. ಯೋಹಾನ್ನಾ ಹಾರರ್ ಎಂಬ ವೈದ್ಯೆ 1934ರಲ್ಲಿ, ನಾಜಿಗಳ ಕಾಲದಲ್ಲಿ, ಜರ್ಮನ್ ತಾಯಂದಿರಿಗಾಗಿ ಬರೆದದ್ದು. ಆಕೆ ಮಕ್ಕಳ ಡಾಕ್ಟರೂ ಅಲ್ಲ, ಶ್ವಾಸಕೋಶದ ಡಾಕ್ಟರು. ಮಗು ಅತ್ತರೆ ಓಡಬೇಡಿ, ಬೇರೆ ಕೋಣೆಯಲ್ಲಿ ಮಲಗಿಸಿ, ಗಡಿಯಾರ ನೋಡಿ ಹಾಲು ಕೊಡಿ, ಮುದ್ದು ಮಾಡಿದರೆ ಮಗು ಮನೆಯ ಸರ್ವಾಧಿಕಾರಿ ಆಗುತ್ತೆ, ಹೀಗೆ. ಯುದ್ಧ ಮುಗಿದ ಮೇಲೆ ನಾಜಿ ಭಾಗಗಳನ್ನು ತೆಗೆದು ಪಶ್ಚಿಮ ಜರ್ಮನಿಯಲ್ಲಿ 1987ರವರೆಗೂ ಅಚ್ಚು ಮಾಡಿದರು! ‘ಜರ್ಮನರು ಮಕ್ಕಳನ್ನು ಹೀಗೆ ಬೆಳೆಸ್ತಾರೆ’ ಅಂತ ನಾವು ಒಂದೇ ಉಸಿರಿನಲ್ಲಿ ಹೇಳಿಬಿಡ್ತೀವಿ. ಅದೇ ಪೂರ್ವ ಜರ್ಮನಿಯಲ್ಲಿ, ಅಂದರೆ ನಮ್ಮ ಲೈಪ್‌ಜಿಗ್ ಇರುವ ಭಾಗದಲ್ಲಿ, ತಾಯಂದಿರು ಕೆಲಸಕ್ಕೆ ಹೋಗುವುದು, ಒಂದು ವರ್ಷದ ಮಗುವನ್ನು ಶಿಶುಪಾಲನಾ ಕೇಂದ್ರದಲ್ಲಿ ಬಿಡುವುದು ಮಾಮೂಲಾಗಿತ್ತು. ಪಶ್ಚಿಮದಲ್ಲಿ ಹಾಗೆ ಬಿಟ್ಟು ಕೆಲಸಕ್ಕೆ ಹೋದವಳಿಗೆ ‘ಕಾಗೆ ತಾಯಿ’ ಅನ್ನೋ ಅರ್ಥದ ಬೈಗುಳವೇ ಇತ್ತು, ಈಗಲೂ ಇದೆ. ನನ್ನ ಟೀಮಿನಲ್ಲಿ ಮ್ಯೂನಿಕ್‌ನಿಂದ ಬಂದ ಒಬ್ಬಳು, ಲೈಪ್‌ಜಿಗ್‌ನವಳೊಬ್ಬಳು ಇದೇ ವಿಷಯಕ್ಕೆ ಊಟದ ಹೊತ್ತಲ್ಲಿ ವಾದ ಮಾಡುತ್ತಿರುತ್ತಾರೆ. ಮಗುವನ್ನು ಹೊಡೆದು ಬೆಳೆಸಬಾರದು, ಅದು ಮಗುವಿನ ಹಕ್ಕು ಅಂತ ಕಾನೂನಿಗೆ ಸ್ಪಷ್ಟವಾಗಿ ಸೇರಿಸಿದ್ದೂ 2000ದಲ್ಲಿ. ನಾನು ಆಗಲೇ ಶಾಲೆಗೆ ಹೋಗುತ್ತಿದ್ದೆ, ಬೆತ್ತದ ರುಚಿಯೂ ಗೊತ್ತಿತ್ತು. ಅಂತೂ ಅಷ್ಟೇನೂ ಹಳೇ ಕಥೆ ಅಲ್ಲ.

ಪಕ್ಕದ ಅಜ್ಜಿಯ ಮಾತನ್ನು ಅಮ್ಮನಿಗೆ ಹೇಳಿದೆ. ಏನೂ ಅನ್ನಲಿಲ್ಲ. ರಾತ್ರಿ ಒಂದು ಡಬ್ಬಿ ರವೆ ಉಂಡೆ ಕೆಳಗಿನ ಮನೆಗೆ ಹೋಯಿತು ಅಂತ ಆಮೇಲೆ ಗೊತ್ತಾಯಿತು.

ಇನ್ನು ರೈಲು. ಸಾಲೆ ನದಿಯ ಪಕ್ಕದಲ್ಲೇ ಹೋಗುತ್ತೆ ಈ ದಾರಿ, ಗುಡ್ಡದ ಮೇಲೆ ಅಲ್ಲಲ್ಲಿ ಹಳೇ ಕೋಟೆಗಳು. ಅಮ್ಮ ಕಿಟಕಿಯ ಪಕ್ಕ ಕೂತು ‘ನಮ್ಮ ಕಪಿಲೆ ಇದಕ್ಕಿಂತ ಅಗಲ’ ಅಂದಳು. ಮಾತಾಡಿದಳಲ್ಲ ಅಂತ ನಾವಿಬ್ಬರೂ ಜೋರಾಗಿ ತಲೆಯಾಡಿಸಿದೆವು. ನಮ್ಮೂರು ತಿರುಮಕೂಡಲು ನರಸೀಪುರದ ಕಡೆ, ಕಾವೇರಿ ಕಪಿಲೆ ಸೇರುವ ಜಾಗ. ಸಾಲ್‌ಫೆಲ್ಡ್ ಎಂಬಲ್ಲಿ ರೈಲು ಬದಲಿಸಿ ಮತ್ತೆ ಸ್ವಲ್ಪ ದೂರ. ಬಾಡ್ ಬ್ಲಾಂಕೆನ್‌ಬುರ್ಗ್‌ನಲ್ಲಿ ನಮ್ಮ ಜೊತೆ ಇಳಿದವರು ಬೆನ್ನಿಗೆ ಚೀಲ ಹಾಕಿದ ಚಾರಣದವರು. ಸುತ್ತ ಥುರಿಂಗಿಯಾದ ಕಾಡು, ಗುಡ್ಡದ ತುದಿಯಲ್ಲಿ ಗ್ರೈಫೆನ್‌ಸ್ಟೈನ್ ಕೋಟೆಯ ಅವಶೇಷ, ಕೆಳಗೆ ಇಳಿಜಾರು ಚಾವಣಿಯ ಮನೆಗಳು.

ಫ್ರೋಬೆಲ್ ಮ್ಯೂಸಿಯಂ ದೊಡ್ಡದೇನಲ್ಲ, ಹಳೇ ಕಾಲದ ಒಂದು ಮನೆ. ಬಿ.ಎಡ್. ಮಾಡಿದವರಿಗೆ ಫ್ರೀಡ್ರಿಶ್ ಫ್ರೋಬೆಲ್ ಹೆಸರು ಗೊತ್ತಿರುತ್ತೆ. ಬಿ.ಇ. ಮಾಡಿದ ನಮಗೆ ಎಲ್ಲಿಂದ ಗೊತ್ತಾಗಬೇಕು? 1782ರಲ್ಲಿ ಇಲ್ಲೇ ಹತ್ತಿರದ ಓಬರ್‌ವೈಸ್‌ಬಾಖ್‌ನಲ್ಲಿ ಹುಟ್ಟಿದವನು. 1837ರಲ್ಲಿ ಈ ಊರಲ್ಲಿ ಪುಟ್ಟ ಮಕ್ಕಳ ಆಟ ಮತ್ತು ಚಟುವಟಿಕೆಗಾಗಿ ಒಂದು ಸಂಸ್ಥೆ ಶುರು ಮಾಡಿದ. ಅದಕ್ಕೆ ಸರಿಯಾದ ಹೆಸರೇ ಸಿಕ್ಕಿರಲಿಲ್ಲವಂತೆ. ಒಂದು ದಿನ ಗುಡ್ಡದ ದಾರಿಯಲ್ಲಿ ನಡೆಯುತ್ತಾ, ಕೆಳಗೆ ತೋಟದಂತೆ ಹರಡಿದ ಕಣಿವೆ ನೋಡಿ ‘ಕಿಂಡರ್‌ಗಾರ್ಟನ್’, ಮಕ್ಕಳ ತೋಟ, ಅಂತ ಹೊಳೆಯಿತು ಅಂತ ಕಥೆ. 1840ರಲ್ಲಿ ಆ ಹೆಸರಿಟ್ಟ. ಮಕ್ಕಳು ಗಿಡ, ಟೀಚರ್ ತೋಟಗಾರ್ತಿ. ಗಿಡ ಎಳೆದರೆ ಉದ್ದ ಬೆಳೆಯಲ್ಲ ಅನ್ನೋದು ಅದರ ತಿರುಳು.

ಅವನು ಮಕ್ಕಳಿಗೆ ಕೊಟ್ಟ ಆಟದ ಸಾಮಾನಿಗೆ ‘ಉಡುಗೊರೆ’ ಅಂತ ಹೆಸರು. ಮೊದಲನೆಯದು ದಾರ ಕಟ್ಟಿದ ಆರು ಬಣ್ಣದ ಉಣ್ಣೆಯ ಚೆಂಡುಗಳು. ಎರಡನೆಯದು ಮರದ ಗೋಳ, ಘನ, ಸಿಲಿಂಡರ್. ಮೂರನೆಯದು ಎಂಟು ತುಂಡಾಗುವ ಒಂದು ಘನ. ಬರೀ ಇಂಥವೇ. ಚಿಕ್ಕಂದಿನಲ್ಲಿ ಈ ಮರದ ತುಂಡುಗಳಲ್ಲಿ ಆಡಿದ್ದು ತನ್ನ ಕೈಬೆರಳಲ್ಲೇ ಉಳಿದಿದೆ ಎನ್ನುವ ಅರ್ಥದಲ್ಲಿ ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಹೇಳಿಕೊಂಡಿದ್ದಾನೆ. ಇಷ್ಟು ಸಾಧುವಾದ ಆಟಕ್ಕೂ ಸರ್ಕಾರ ಹೆದರಿತು. 1851ರಲ್ಲಿ ಪ್ರಷ್ಯಾ ರಾಜ್ಯ ಕಿಂಡರ್‌ಗಾರ್ಟನ್‌ಗಳನ್ನು ನಿಷೇಧಿಸಿತು, ನಾಸ್ತಿಕತೆ ಹರಡುತ್ತವೆ ಅಂತ. ಅಣ್ಣನ ಮಗ ಕಾರ್ಲ್‌ನ ಬರವಣಿಗೆಯನ್ನು ಇವನದೆಂದು ತಿಳಿದ ಎಡವಟ್ಟೂ ಅದರಲ್ಲಿತ್ತು. ಮರುವರ್ಷವೇ ಫ್ರೋಬೆಲ್ ತೀರಿಕೊಂಡ. ನಿಷೇಧ ಹೋಗಿದ್ದು 1860ರಲ್ಲಿ. ಅಷ್ಟರಲ್ಲಿ ಅವನ ಶಿಷ್ಯೆಯರು ಆ ಪದವನ್ನು ಬೇರೆ ದೇಶಗಳಿಗೆ ಹೊತ್ತೊಯ್ದಿದ್ದರು. ಇಂಗ್ಲಿಷಿಗೆ ಹಾಗೇ ಹೋಯಿತು, ಅಲ್ಲಿಂದ ನಮ್ಮ ಎಲ್‌ಕೆಜಿಗೆ.

ನಾನು ಬೋರ್ಡು ಓದಿ ಓದಿ ಅಮ್ಮನಿಗೆ ಹೇಳುತ್ತಾ ಹೋದೆ. ಒಂಬತ್ತು ತಿಂಗಳ ಕೂಸಾಗಿದ್ದಾಗಲೇ ಫ್ರೋಬೆಲ್‌ನ ತಾಯಿ ತೀರಿಕೊಂಡಳು ಅನ್ನುವಲ್ಲಿ ಅಮ್ಮ ನಿಂತಳು.

‘ಅದಕ್ಕೇ’ ಅಂದಳು.

‘ಏನು ಅದಕ್ಕೇ?’

‘ಅದಕ್ಕೇ ಇಷ್ಟೆಲ್ಲ ಯೋಚನೆ ಮಾಡಿದಾನೆ. ಇದ್ದೋರಿಗೆ ಇದೆಲ್ಲ ಎಲ್ಲಿ ಹೊಳೆಯುತ್ತೆ.’

ಮುಂದಿನ ಕಪಾಟಿನಲ್ಲಿ ಇದ್ದದ್ದು ಅವನು 1844ರಲ್ಲಿ ತಂದ ತಾಯಂದಿರ ಹಾಡುಗಳ ಪುಸ್ತಕದ ಚಿತ್ರಗಳು. ನಾನು ಅದನ್ನು ನಿರೀಕ್ಷಿಸಿರಲಿಲ್ಲ. ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡ ತಾಯಿ, ಅಂಚಿನಲ್ಲಿ ಬೆರಳುಗಳನ್ನು ಹೇಗೆ ಮಡಿಸಬೇಕು, ಅಂಗೈ ಹೇಗೆ ತಟ್ಟಬೇಕು ಅನ್ನುವ ಕೈಗಳ ಚಿತ್ರ. ತಾನೇ ಬೆಳೆಯಲಿ ಅಂದ ಮನುಷ್ಯ, ಅದಕ್ಕೂ ಮೊದಲು ಮಡಿಲು ಬೇಕು ಅಂತ ಒಂದು ಇಡೀ ಪುಸ್ತಕವನ್ನೇ ಬರೆದಿದ್ದ! ಅಮ್ಮ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದಳು. ಓದಲು ಬಾರದ ಭಾಷೆ, ಆದರೆ ಕೈ ಅರ್ಥವಾಯಿತು. ಪಕ್ಕದಲ್ಲಿದ್ದ ಮಗಳ ಅಂಗೈ ಹಿಡಿದು, ಒಂದೊಂದೇ ಬೆರಳು ಮಡಿಸುತ್ತಾ, ನಮ್ಮಲ್ಲಿ ಎಲ್ಲ ಅಜ್ಜಿಯರೂ ಮಾಡುವ ಹಾಗೆ ಕೊನೆಗೆ ಕಂಕುಳಿಗೆ ಕಚಗುಳಿ ಇಟ್ಟಳು. ಮಗಳು ಕಿರುಚಿ ನಕ್ಕಿದ್ದಕ್ಕೆ ಕೌಂಟರಿನಲ್ಲಿದ್ದ ಹೆಂಗಸು ಎದ್ದು ಬಂದರು. ಬೈತಾರೇನೋ ಅಂದುಕೊಂಡೆ. ಅವರು ಇನ್ನೊಂದು ಸಲ ಮಾಡಿ ತೋರಿಸಿ ಅಂತ ಅಮ್ಮನನ್ನೇ ಕೇಳಿದರು.

ಹೊರಗೆ ಬೆಂಚಿನ ಮೇಲೆ ಕೂತು ಅಮ್ಮ ದೊಡ್ಡಮ್ಮನಿಗೆ ವಿಡಿಯೋ ಕಾಲ್ ಮಾಡಿದಳು. ಇಲ್ಲಿ ಒಂದು ಮಾತು ಹೇಳಬೇಕು. ಭಾರತದಲ್ಲಿ ಅಂಗನವಾಡಿಗಳ ಯೋಜನೆ 1975ರ ಅಕ್ಟೋಬರ್ 2ರಂದು ಶುರುವಾದಾಗ ಮೊದಲ 33 ಕಡೆಗಳಲ್ಲಿ ಕರ್ನಾಟಕದ್ದು ನಮ್ಮ ಟಿ. ನರಸೀಪುರ. ದೊಡ್ಡಮ್ಮ 1980ರ ದಶಕದಲ್ಲಿ ಅಲ್ಲಿ ಒಂದು ಹಳ್ಳಿಯ ಅಂಗನವಾಡಿ ಟೀಚರಾದವರು. ಅರವತ್ತು ತುಂಬುವವರೆಗೂ ಅದನ್ನೇ ಮಾಡಿದರು. ಸಂಬಳ ಅಂತ ಯಾವತ್ತೂ ಕರೆಯಲಿಲ್ಲ, ಗೌರವಧನ ಅಷ್ಟೇ. ನಾನೂ ಮೂರು ವರ್ಷದವನಿದ್ದಾಗ ಅವರ ಹಿಂದೆ ಹೋಗಿ ಅಲ್ಲೇ ಕೂತಿರುತ್ತಿದ್ದೆ.

‘ಫ್ರೋಬೆಲ್ಲಾ? ಟ್ರೈನಿಂಗಲ್ಲಿ ಹೆಸರು ಕೇಳಿದ್ದೆ ಕಣೆ’ ಅಂದರು ದೊಡ್ಡಮ್ಮ. ನಾನು ಕ್ಯಾಮೆರಾ ತಿರುಗಿಸಿ, ಮ್ಯೂಸಿಯಂನಲ್ಲಿ ತೆಗೆದ ಉಣ್ಣೆ ಚೆಂಡಿನ ಫೋಟೋ ಕಳಿಸಿ ತೋರಿಸಿದೆ. ‘ನಾವು ಹಳೇ ಸೀರೆ ಚೂರಲ್ಲಿ ಮಾಡ್ತಿದ್ವಲ್ಲ, ಅದೇ ತಾನೇ? ನೀನೇ ಒಂದನ್ನ ಬಾವಿಗೆ ಹಾಕಿದ್ದೆ.’ ಹುಣಸೆ ಬೀಜ ಒಂದು ಕಡೆ, ಹೊಂಗೆ ಬೀಜ ಒಂದು ಕಡೆ ಬೇರೆ ಮಾಡುವುದು, ಬೀಜದಲ್ಲಿ ನೆಲದ ಮೇಲೆ ನವಿಲು ಮಾಡುವುದು, ಎಲ್ಲ ಅವರು ಹೇಳುತ್ತಾ ಹೋದಂತೆ ನನಗೆ ನೆನಪಾಗತೊಡಗಿತು. ಅಕ್ಷರ ಕಲಿತ ನೆನಪಿಲ್ಲ.

ಅಮ್ಮ ಫೋನ್ ಕಿತ್ತುಕೊಂಡು ನೇರ ವಿಷಯಕ್ಕೆ ಬಂದಳು. ‘ಅಕ್ಕ, ನೀನು ಅಂಗನವಾಡೀಲಿ ಮಕ್ಕಳಿಗೆ ತಿನ್ನಿಸ್ತಿದ್ದೆ ತಾನೇ?’

ತೀರ್ಪಿಗೆ ಕಾಯುವವರ ಹಾಗೆ ನಾವು ಮೂವರೂ ಫೋನಿನ ಮೇಲೆ ಬಗ್ಗಿದೆವು.

‘ಮೂವತ್ತು ಮಕ್ಕಳು, ಇಬ್ಬರು ಹೆಂಗಸರು. ಎಲ್ಲಿ ತಿನ್ನಿಸ್ತೀಯ? ಉಪ್ಪಿಟ್ಟು ತಟ್ಟೆಗೆ ಹಾಕಿದ್ರೆ ತಾವೇ ತಿಂತಿದ್ವು. ಮನೇಲಿ ತಿನ್ನಿಸ್ಕೊಳ್ಳೋ ಮಗೂನೂ ಅಲ್ಲಿ ತಾನೇ ತಿನ್ನೋದು. ಹೊಸ್ದಾಗಿ ಬಂದಿದ್ದು ಬಾಯಿ ಬಿಟ್ಕೊಂಡು ಕೂತ್ರೆ ಮಾತ್ರ ಮೊದಲು ಎರಡು ತುತ್ತು ನಾನೇ ಕೊಡ್ತಿದ್ದೆ. ಆಮೇಲೆ ಪಕ್ಕದ ಮಗೂನ ನೋಡಿ ತಾನೇ ಶುರು ಮಾಡೋದು.’

ಅಮ್ಮ ನನ್ನ ಕಡೆ ನೋಡಿದಳು. ‘ಎರಡು ತುತ್ತು’ ಅನ್ನೋದನ್ನು ಮಾತ್ರ ಕೇಳಿಸಿಕೊಂಡಿದ್ದಾಳೆ ಅಂತ ಗೊತ್ತಾಯಿತು. ನಾನು ‘ತಾವೇ ತಿಂತಿದ್ವು’ ಅನ್ನೋದನ್ನು ಕೇಳಿಸಿಕೊಂಡಿದ್ದೆ.

ಅಲ್ಲಿಯವರೆಗೂ ನಾನು ಇದನ್ನು ಜರ್ಮನಿ ಮತ್ತು ಇಂಡಿಯಾದ ನಡುವಿನ ವ್ಯತ್ಯಾಸ ಅಂದುಕೊಂಡಿದ್ದೆ. ಆ ಬೆಂಚಿನ ಮೇಲೆ ಕೂತಾಗ ಲೆಕ್ಕ ತಪ್ಪಿತು. ದೊಡ್ಡಮ್ಮನ ಅಂಗನವಾಡಿಯೂ ಇಲ್ಲಿನ ಕಿಟಾವೂ ಒಂದರ ಪಕ್ಕ ಒಂದು ಕೂರುತ್ತವೆ. ಮರಳು, ಬೀಜ, ಹಾಡು, ತಾನೇ ತಿನ್ನುವ ತಟ್ಟೆ. ದೂರ ಇರುವುದು ನಮ್ಮ ಬೆಂಗಳೂರಿನ ವರ್ಕ್‌ಶೀಟು, ಆ ಮನುಷ್ಯನ ಪದವನ್ನೇ ಬೋರ್ಡಿನ ಮೇಲೆ ಹಾಕಿಕೊಂಡು. ಮೂರರಿಂದ ಎಂಟು ವರ್ಷದವರೆಗೆ ಆಟದ ಮೂಲಕವೇ ಕಲಿಕೆ ಅಂತ ನಮ್ಮ 2020ರ ಶಿಕ್ಷಣ ನೀತಿಯೂ ಹೇಳುತ್ತೆ. ಆದರೆ ಮೂರು ವರ್ಷದ ಮಗುವಿಗೆ ಹೋಮ್‌ವರ್ಕ್ ಕೊಡದ ಸ್ಕೂಲನ್ನು ‘ಏನೂ ಹೇಳಿಕೊಡಲ್ಲ’ ಅಂತ ಬಿಡಿಸುವವರು ನಮ್ಮಂಥ ಅಪ್ಪ ಅಮ್ಮಂದಿರೇ. ನಾನು ಹೊರಗಿನವನ ಹಾಗೆ ಮಾತಾಡುತ್ತಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಬೆಂಗಳೂರಿನ ಸ್ಕೂಲುಗಳ ಒಂದು ಎಕ್ಸೆಲ್ ಶೀಟ್ ಇದೆ, ಅದರಲ್ಲಿ ‘ಓದು ಬರಹ ಎಷ್ಟು ಬೇಗ’ ಅನ್ನೋದು ಒಂದು ಕಾಲಮ್ಮು. ಇನ್ನೂ ಅಳಿಸಿಲ್ಲ.

ಅಮ್ಮನ ತುತ್ತಿನ ಮಾತೇ ಬೇರೆ. ಕಿಟಾದ ಟೀಚರ್ ಮಗುವನ್ನು ತಾನೇ ತಿನ್ನಲು ಬಿಡುವುದು, ಇಲ್ಲಿ ದೊಡ್ಡವರಾದ ಮೇಲೆ ಮಕ್ಕಳು ಮನೆ ಬಿಟ್ಟು ಹೋಗುವುದು ಮಾಮೂಲು ಎಂಬ ಲೆಕ್ಕದಲ್ಲಿ. ಅಮ್ಮ ಆರನೇ ಕ್ಲಾಸಿನವರೆಗೆ ತಿನ್ನಿಸಿದ್ದು ಮಗ ಎಲ್ಲೂ ಹೋಗಲ್ಲ ಅನ್ನೋ ಲೆಕ್ಕದಲ್ಲಿ. ಆ ಲೆಕ್ಕ ತಪ್ಪಿಸಿದ್ದು ಟೀಚರಲ್ಲ, ನಾನು.

ಇದನ್ನು ಅಮ್ಮನ ಹತ್ತಿರ ಹೇಳಲಿಲ್ಲ. ಸೋಮವಾರ ಟೀಚರ್ ಹತ್ತಿರ ಒಂದು ಮಾತು ಹೇಳಿದೆ: ಮೊದಲು ಎರಡು ಚಮಚ ನೀವು ಕೊಟ್ಟು ನೋಡ್ತೀರಾ, ನಮ್ಮ ದೊಡ್ಡಮ್ಮನೂ ನಿಮ್ಮ ಹಾಗೇ ಟೀಚರ್, ಅವರ ಸಲಹೆ ಅಂತ. ಅವರು ನಕ್ಕು, ಪಕ್ಕದಲ್ಲಿ ಕೂತುಕೊಳ್ತೀನಿ, ಚಮಚ ಮಾತ್ರ ಅವಳ ಕೈಯಲ್ಲೇ ಇರ್ಲಿ ಅಂದರು. ಅದೇ ವಾರ ಊಟ ಶುರುವಾಯಿತು. ಪಕ್ಕ ಕೂತಿದ್ದಕ್ಕೋ, ಆಲೂಗಡ್ಡೆ ದಿನ ಬಂದಿದ್ದಕ್ಕೋ ಗೊತ್ತಿಲ್ಲ.

ಆದರೆ ಅದಕ್ಕೂ ಮೊದಲು, ಶನಿವಾರ ಸಂಜೆ ವಾಪಸ್ ಬರುವ ರೈಲಿನಲ್ಲಿ ಅಮ್ಮ ಚಿತ್ರಾನ್ನದ ಡಬ್ಬಿ ತೆಗೆದಳು. ನಾಲ್ಕು ಕಾಗದದ ತಟ್ಟೆಗೆ ಹಾಕಿದಳು, ನಾಲ್ಕು ಚಮಚ ಇಟ್ಟಳು. ಮಗಳು ‘ಆಲೈನೆ!’ ಅಂತ ಕಿರುಚಿ ಚಮಚ ಕಸಿದುಕೊಂಡಳು. ನಾನೊಬ್ಬಳೇ, ಅಂತ. ಅರ್ಧ ಮಡಿಲಿಗೆ, ಅರ್ಧ ಬಾಯಿಗೆ. ಕಡಲೆಬೀಜ ಸೀಟಿನ ಸಂದಿಗೆ ಉರುಳಿತು. ಅಮ್ಮ ಕೈ ಕಟ್ಟಿಕೊಂಡು ಕಿಟಕಿಯ ಆಚೆ ನೋಡುತ್ತಿದ್ದಳು, ಎಷ್ಟು ಕಷ್ಟಪಟ್ಟು ನೋಡುತ್ತಿದ್ದಳು ಅಂತ ನನಗೆ ಗೊತ್ತು. ಐದಾರು ಚಮಚ ಆದ ಮೇಲೆ ಮಗಳು ಚಮಚ ತಟ್ಟೆಯಲ್ಲಿಟ್ಟು, ಅಜ್ಜಿಯ ಸೀರೆ ಎಳೆದು, ಬಾಯಿ ತೆರೆದಳು.

ಅಮ್ಮ ನನ್ನ ಮುಖ ನೋಡಿದಳು. ನಾನು ಫೋನ್ ತೆಗೆದು ಮುಂದಿನ ಸ್ಟೇಷನ್ ಯಾವುದು ಅಂತ ಹುಡುಕತೊಡಗಿದೆ.